ಅರ್ಧ ತಾಸಿನ ಐಕ್ಯೂ ಟೆಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಈ ಪ್ರಶ್ನೆಗಳನ್ನು ಕೇಳಿದವರು ಮಕ್ಕಳನ್ನು ಕರೆತಂದ ತಂದೆ ತಾಯಿ, ಶಾಲೆಯ ಟೀಚರ್‌ಗಳು, ಸೈಕಾಲಜಿ ಎಂ.ಎ. ಓದುವ ಹುಡುಗ ಹುಡುಗಿಯರು. ಒಂದೆರಡು ಚಿಗರಿ ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಬಂದವು. ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ಟೆಸ್ಟಿನ ಒಳಗಿನ ಪ್ರಶ್ನೆಗಳು ಮಾತ್ರ ಇಲ್ಲಿ ಸಿಗುವುದಿಲ್ಲ. ಅವು ಹೊರಗೆ ಬಂದರೆ ಟೆಸ್ಟೇ ಕೆಡುತ್ತದೆ. ಉದಾಹರಣೆಗಳು ನಾನೇ ಮಾಡಿಕೊಂಡವು.

## ಮೊದಲ ಸಲ ಬಂದವರು ಕೇಳುವುದು

"ಸ್ಕ್ರೀನಿಂಗ್ ಅಂದ್ರೂ ಐಕ್ಯೂ ಟೆಸ್ಟ್ ಅಂದ್ರೂ ಒಂದೇ ಅಲ್ಲೇನ್ರಿ?"

ಅಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಕಾಳಿನ ಚೀಲ ನೋಡುವುದನ್ನು ನೆನಪು ಮಾಡಿಕೊಳ್ಳಿ. ಪೂರ್ತಿ ಚೀಲ ಸುರಿಯುವುದಿಲ್ಲ. ಚೂಪಾದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ ನೋಡುತ್ತಾರೆ. ಸ್ಕ್ರೀನಿಂಗ್, ಅಂದರೆ ಪೂರ್ತಿ ಟೆಸ್ಟ್ ಬೇಕಾ ಅಂತ ತಿಳಿಯಲು ಮಾಡುವ ಸಣ್ಣ ಟೆಸ್ಟ್, ಆ ಒಂದು ಹಿಡಿ. ಪೂರ್ತಿ ಟೆಸ್ಟ್ ಅಂದರೆ ಚೀಲ ಸುರಿದು ನೋಡುವುದು.

ಚೀಲದ ತುಂಬ ಒಂದೇ ನಮೂನೆಯ ಕಾಳಿದ್ದರೆ ಒಂದು ಹಿಡಿ ಸಾಕು. ಮೇಲೊಂದು ಕೆಳಗೊಂದು ಇದ್ದರೆ ಹಿಡಿ ಮೋಸ ಮಾಡುತ್ತದೆ. ಆರೋಗ್ಯವಾಗಿರುವ, ಶಾಲೆ ಕಲಿತ ವ್ಯಕ್ತಿಯ ಸಾಮರ್ಥ್ಯಗಳು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತವೆ, ಯಾವಾಗಲೂ ಅಲ್ಲ. ಲಕ್ವಾ ಹೊಡೆದವರು, ಆಟಿಸಂ ಇರುವ ಮಗು, ಫಿಟ್ಸ್ ಮಾತ್ರೆ ತಗೊಳ್ಳುವವರು, ಇವರ ಚೀಲ ಹಾಗಿರುವುದಿಲ್ಲ.

"ಎಷ್ಟು ಹೊತ್ತು ಹಿಡಿತೈತಿ? ಏನೇನ್ ಮಾಡಸ್ತೀರಿ?"

ಸಣ್ಣ ಟೆಸ್ಟ್‌ಗಳಿಗೆ ಕಾಲು ತಾಸಿನಿಂದ ಅರ್ಧ ತಾಸು. ಪೂರ್ತಿ ಟೆಸ್ಟಿಗೆ ಒಂದು ತಾಸು, ಕೆಲವೊಮ್ಮೆ ಒಂದೂವರೆ.

ಹೆಚ್ಚು ಹೆಸರಾಗಿರುವುದು ವೆಕ್ಸ್ಲರ್ ಅವರ ಸಂಕ್ಷಿಪ್ತ ಟೆಸ್ಟ್. 1999ರಲ್ಲಿ ಬಂತು, 2011ರಲ್ಲಿ ಹೊಸ ಆವೃತ್ತಿ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಓದಿದರೆ 'ವಾಸಿ' ಆಗುತ್ತದೆ. "ವಾಸಿ ಮಾಡ್ತೀನಿ" ಅಂದಾಗ ರೋಗ ವಾಸಿ ಮಾಡ್ತಾರೆ ಅಂತ ಖುಷಿಪಟ್ಟವರೂ ಇದ್ದಾರೆ! ಅದರಲ್ಲಿ ನಾಲ್ಕು ಭಾಗ: ಪದಗಳ ಅರ್ಥ, ಎರಡು ವಸ್ತುಗಳ ಹೋಲಿಕೆ, ಕೆಂಪು ಬಿಳಿ ಘನಗಳನ್ನು ಜೋಡಿಸುವುದು, ಚಿತ್ರಮಾಲೆಯಲ್ಲಿ ಬಿಟ್ಟುಹೋದ ತುಂಡು ಹುಡುಕುವುದು. ಸಮಯ ಇಲ್ಲದಿದ್ದರೆ ಎರಡೇ ಭಾಗ ಮಾಡಬಹುದು.

ನಮ್ಮ ಕಡೆ ಚಿಕ್ಕ ಮಕ್ಕಳಿಗೆ ಸೆಗ್ವಿನ್ ಫಾರ್ಮ್ ಬೋರ್ಡ್ ಜಾಸ್ತಿ ಬಳಕೆ. ಮರದ ಹಲಗೆ, ಅದರಲ್ಲಿ ಹತ್ತು ಗುಳಿ: ನಕ್ಷತ್ರ, ವೃತ್ತ, ಚೌಕ ಹೀಗೆ. ಹತ್ತು ಬಿಲ್ಲೆ ತೆಗೆದಿಟ್ಟು ಮೂರು ಸಲ ಹಾಕಿಸುತ್ತೇವೆ. ಸ್ಟಾಪ್‌ವಾಚ್ ಓಡುತ್ತಿರುತ್ತದೆ, ಮೂರರಲ್ಲಿ ಒಳ್ಳೆಯ ಟೈಮ್ ಲೆಕ್ಕಕ್ಕೆ. ಟೈಮಿಗಿಂತ ನನಗೆ ಮಗುವಿನ ಕೈ ಮುಖ್ಯ. ಷಟ್ಕೋನದ ಗುಳಿಗೆ ವೃತ್ತ ಒತ್ತಿ, ಕೂರದಿದ್ದಾಗ ತಿರುಗಿಸಿ ನೋಡುತ್ತದಾ? ಜೋರಾಗಿ ಗುದ್ದುತ್ತದಾ? ಅಥವಾ ಅಮ್ಮನ ಮುಖ ನೋಡುತ್ತದಾ? ಎರಡನೇ ಸಲಕ್ಕೆ ತಪ್ಪು ತಿದ್ದಿಕೊಂಡಿತಾ? ಇದು ಯಾವ ಅಂಕದಲ್ಲೂ ಬರುವುದಿಲ್ಲ, ರಿಪೋರ್ಟಿನಲ್ಲಿ ಬರೆದರೆ ಮಾತ್ರ ಉಳಿಯುತ್ತದೆ.

"ನಮ್ಮ ಹುಡುಗ ಭಾಳ ಶಾಣ್ಯಾ ಇದ್ದಾನ್ರಿ. ಆದ್ರೂ 84 ಬಂದೈತಿ. 100ಕ್ಕ 84 ಅಂದ್ರ ಡಿಸ್ಟಿಂಕ್ಷನ್ ಹೌದಿಲ್ಲೋ?"

ಇದು 100ಕ್ಕೆ ಕೊಟ್ಟ ಮಾರ್ಕ್ಸ್ ಅಲ್ಲ. ಅದೇ ವಯಸ್ಸಿನವರ ಸರಾಸರಿಯನ್ನು 100 ಅಂತ ಇಟ್ಟುಕೊಂಡಿದ್ದಾರೆ. ನೂರು ಜನರಲ್ಲಿ ಸುಮಾರು 68 ಜನ 85ರಿಂದ 115ರ ಒಳಗೆ ಬರುತ್ತಾರೆ. 70ಕ್ಕಿಂತ ಕೆಳಗೆ ಸುಮಾರು 2 ಜನ. 84 ಬಂದ ಹುಡುಗನ ಹಿಂದೆ ನೂರರಲ್ಲಿ ಸುಮಾರು 14 ಜನ ಇದ್ದಾರೆ. ಡಿಸ್ಟಿಂಕ್ಷನ್ ಅಲ್ಲ, ಫೇಲ್ ಕೂಡ ಅಲ್ಲ.

ಇನ್ನೊಂದು ಮಾತು. 84 ಅನ್ನುವುದು ಚುಕ್ಕಿಯಲ್ಲ, ಪಟ್ಟಿ. ರಿಲಯಬಿಲಿಟಿ (ಮತ್ತೆ ಅಳೆದರೂ ಹೆಚ್ಚು ಕಡಿಮೆ ಅದೇ ಅಂಕ ಬರುವ ಗುಣ, 1 ಅಂದರೆ ಪೂರ್ತಿ) 0.91 ಇರುವ ಟೆಸ್ಟಿನಲ್ಲಿ ಅಳತೆಯ ತಪ್ಪು ಸುಮಾರು 4.5 ಅಂಕ. ಅದರ ಎರಡು ಪಟ್ಟು ಆಚೆ ಈಚೆ ಬಿಟ್ಟರೆ ಹುಡುಗನ ನಿಜವಾದ ಅಂಕ 75ರಿಂದ 93ರ ನಡುವೆ ಎಲ್ಲಾದರೂ ಇರಬಹುದು. ಅಣ್ಣನಿಗೆ 88, ತಮ್ಮನಿಗೆ 84 ಬಂತು ಅಂತ ಮನೆಯಲ್ಲಿ ಹೋಲಿಸಬೇಡಿ.

"ಟೆಸ್ಟಿಗೆ ಬರೋ ಮುಂಚೆ ಏನಾದ್ರೂ ಓದ್ಸಬೇಕಾ ಮೇಡಂ?"

ಏನೂ ಓದಿಸಬೇಡಿ. ಚೆನ್ನಾಗಿ ಮಲಗಿಸಿ, ನಾಷ್ಟಾ ಮಾಡಿಸಿ ಕರೆತನ್ನಿ. ಜ್ವರ ಇದ್ದರೆ ಬರಬೇಡಿ. ಕನ್ನಡಕ, ಕಿವಿಯ ಮಷಿನ್ ಮರೆಯಬೇಡಿ.

ಕನ್ನಡಕದ ಮಾತು ನನ್ನ ತಪ್ಪಿನಿಂದ ಕಲಿತದ್ದು. ಹೊಸದಾಗಿ ಕೆಲಸ ಕಲಿಯುತ್ತಿದ್ದೆ. ಒಬ್ಬ ಹುಡುಗ ಚಿತ್ರದ ಪುಸ್ತಕಕ್ಕೆ ಮೂಗು ತಾಗಿಸಿ ಕೂತಿದ್ದ. ನಾಚಿಕೆ ಅಂದುಕೊಂಡೆ. 71 ಬಂತು. ರಿಪೋರ್ಟ್ ಟೈಪ್ ಮಾಡಿ ಎದ್ದಾಗ ಅವನ ಅಜ್ಜಿ ಚೀಲದಿಂದ ಕಾಲು ಮುರಿದ ಕನ್ನಡಕ ತೆಗೆದು, "ಇದನ್ನ ಎಲ್ಲಿ ರಿಪೇರಿ ಮಾಡ್ತಾರವ್ವಾ?" ಅಂತ ಕೇಳಿದರು. ರಿಪೋರ್ಟ್ ಹರಿದೆ. ಕನ್ನಡಕ ಬಂದ ಮೇಲೆ ಪೂರ್ತಿ ಟೆಸ್ಟ್ ಮಾಡಿದಾಗ 88.

"ಮೊಬೈಲ್‌ದಾಗ ಟೆಸ್ಟ್ ತಗೊಂಡೆ, 142 ಬಂತು!"

ಖುಷಿಪಡಿ. ಸರ್ಟಿಫಿಕೇಟಿಗೆ ದುಡ್ಡು ಕೇಳಿದರೆ ಮಾತ್ರ ಕೊಡಬೇಡಿ.

"ಡಿಮ್ಹಾನ್ಸ್‌ಗೆ ಹೋಗ್ರಿ ಅಂತ ಬರ್ದು ಕೊಟ್ರ. ಮಂದಿ ಏನ್ ಅಂತಾರ?"

ಹಳೇ ಜನ ಅದನ್ನು ಇನ್ನೂ 'ಹುಚ್ಚಾಸ್ಪತ್ರಿ' ಅಂತಾರೆ, ಗೊತ್ತು. ಈ ಭಯದಿಂದ ಒಂದು ವರ್ಷ ಕಳೆದುಕೊಂಡು ಬಂದ ಮಕ್ಕಳನ್ನು ನೋಡಿದ್ದೇನೆ. ಧಾರವಾಡದ ಡಿಮ್ಹಾನ್ಸ್ ಮನಸ್ಸು ಮತ್ತು ನರಗಳ ಚಿಕಿತ್ಸೆಯ ಸರ್ಕಾರಿ ಸಂಸ್ಥೆ. ಬುದ್ಧಿಯ ಟೆಸ್ಟಿಗೆ ಹೋಗುವುದೂ ರಕ್ತ ಪರೀಕ್ಷೆಗೆ ಹೋದ ಹಾಗೆಯೇ. ಎಲ್ಲಿಗೇ ಹೋದರೂ ಒಂದು ಕೇಳಿ: ಟೆಸ್ಟ್ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿದ್ದಾರಾ? ನಂಬರ್ ಕೇಳಿದರೆ ಯಾರೂ ಸಿಟ್ಟಾಗಬಾರದು.

## ಯಾರಿಗೆ ಯಾವುದು

"ಕನ್ನಡದಾಗ ಒಂದೂ ಟೆಸ್ಟ್ ಇಲ್ಲೇನು? ಎಲ್ಲಾ ಅಮೆರಿಕಾದ್ದೇ?"

ಇದೆ, ಅದೂ ಹಳೆಯದು. ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸಿಮೋನ್ 1905ರಲ್ಲಿ ಶಾಲಾ ಮಕ್ಕಳಿಗಾಗಿ ಮೊದಲ ಟೆಸ್ಟ್ ಮಾಡಿದರು. ಅದರ ಎಳೆ ಹಿಡಿದು ವಿ. ವಿ. ಕಾಮತ್ 1934ರಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದರು. ಆಗ ನಮ್ಮ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ಗದಗ ಹಾವೇರಿ ಎಲ್ಲಾ ಅದರೊಳಗೇ. ಹಾಗಾಗಿ ಬಿನೆ–ಕಾಮತ್ ಟೆಸ್ಟ್ ನಮ್ಮ ಕಡೆಯ ಮಾತಿಗೆ ಹತ್ತಿರದ್ದು. ಇವತ್ತಿಗೂ ಬಳಸುತ್ತೇವೆ. 1955ರ ಭಾಟಿಯಾ ಬ್ಯಾಟರಿ (ಬ್ಯಾಟರಿ ಅಂದರೆ ಹಲವು ಟೆಸ್ಟ್‌ಗಳ ಕಟ್ಟು), 1969ರ ಮಾಲಿನ್ ಅವರ ಟೆಸ್ಟ್ ಕೂಡ ಭಾರತದ ಮಕ್ಕಳಿಗಾಗಿಯೇ ಆದವು.

ತೊಂದರೆ ಇರುವುದು ಟೆಸ್ಟಿನ ವಯಸ್ಸಿನದು. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಜನರ ಅಂಕ ಏರುತ್ತ ಬಂದಿದೆ. ಹಲವು ದೇಶಗಳಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಅಂಕ ಏರಿದ್ದು ಕಂಡಿದೆ. ಇದಕ್ಕೆ ಫ್ಲಿನ್ ಪರಿಣಾಮ ಅನ್ನುತ್ತಾರೆ. ಅಂದರೆ ಹಳೆಯ ನಾರ್ಮ್ಸ್ (ಹೋಲಿಕೆಗೆ ಇಟ್ಟುಕೊಂಡ ಸರಾಸರಿಗಳು) ಇಟ್ಟು ಇಂದಿನ ಮಗುವನ್ನು ಅಳೆದರೆ ಅಂಕ ಉಬ್ಬಿ ಬರಬಹುದು. ಇತ್ತ ಹೊಸ ಅಮೆರಿಕನ್ ಟೆಸ್ಟ್ ಅನುವಾದ ಮಾಡಿ ಹಾಕಿದರೆ ಭಾಷೆ ಕಾಲು ಎಳೆದು ಅಂಕ ಇಳಿಯಬಹುದು. ಎರಡರ ನಡುವೆ ನಾವು ಕೂತಿದ್ದೇವೆ.

ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಮಾತನಾಡುವ ಮಗು ಅಂದರೆ ಇನ್ನೊಂದು ಸುತ್ತು. "ಶಾಲೆ ಯಾವ ಮೀಡಿಯಂ?" ಅಂತ ಎಲ್ಲರೂ ಕೇಳುತ್ತಾರೆ. "ಅಜ್ಜಿ ಜೊತೆ ಯಾವ ಭಾಷೆಯಲ್ಲಿ ಜಗಳ ಆಡ್ತೀ?" ಅಂತ ನಾನು ಕೇಳುತ್ತೇನೆ. ಸರಿಯಾದ ಉತ್ತರ ಅಲ್ಲಿ ಸಿಗುತ್ತದೆ.

"ನಮ್ಮವ್ವ ಶಾಲಿ ಮೆಟ್ಟಿಲಾ ಹತ್ತಿಲ್ಲ. ಆಕಿಗೆ ಎಂಥಾ ಟೆಸ್ಟ್?"

ಶಾಲೆ ಬುದ್ಧಿ ಕೊಡುತ್ತದೋ ಇಲ್ಲವೋ, ಟೆಸ್ಟಿಗೆ ಉತ್ತರ ಕೊಡುವ ರೀತಿಯನ್ನಂತೂ ಕಲಿಸುತ್ತದೆ. "ಬಾಳೆಹಣ್ಣಿಗೂ ಪೇರಲಕ್ಕೂ ಏನು ಹೋಲಿಕೆ?" ಅಂದರೆ ಆರನೇ ಕ್ಲಾಸಿನ ಹುಡುಗಿ "ಎರಡೂ ಹಣ್ಣು" ಅಂತಾಳೆ, ಪೂರ್ತಿ ಅಂಕ. ಅಜ್ಜಿ "ಎರಡೂ ಸಂತ್ಯಾಗ ಸಿಗ್ತಾವು, ಆದ್ರ ಬಾಳಿಹಣ್ಣು ಬೇಗ ಕೆಡತೈತಿ" ಅಂತಾಳೆ. ಅಜ್ಜಿಯ ಮಾತು ದಡ್ಡತನವಾ? ವ್ಯಾಪಾರಕ್ಕೆ ಬೇಕಾದ ಮಾತು ಅದೇ. ಆದರೆ ಅಂಕದ ಪುಸ್ತಕ ಗುಂಪಿನ ಹೆಸರು ಕೇಳುತ್ತದೆ.

ಅದಕ್ಕೆ ಕೈಯಲ್ಲಿ ಮಾಡುವ ಟೆಸ್ಟ್ ಕೊಡುತ್ತೇವೆ. ಅದೂ ಎಲ್ಲರಿಗೂ ಸಮ ಅಲ್ಲ. ಬೆಟಗೇರಿ ಕಡೆಯ ಒಬ್ಬ ನೇಕಾರರು, ಶಾಲೆ ಮೂರನೇ ಕ್ಲಾಸಿಗೆ ಬಿಟ್ಟವರು, ಪದದ ಅರ್ಥದಲ್ಲಿ ತೀರಾ ಹಿಂದೆ ಬಿದ್ದರು. ಕೆಂಪು ಬಿಳಿ ಘನ ಕೊಟ್ಟೆ. ಚಿತ್ರದ ಮೇಲೆ ಒಮ್ಮೆ ಬೆರಳು ಎಳೆದರು, ಸಾಲು ಎಣಿಸಿದ ಹಾಗೆ. ಆಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಸಾಲು ಕೂರಿಸಿಬಿಟ್ಟರು. "ಇದು ಸೀರಿ ಬುಟ್ಟಾ ಇದ್ದಂಗ ಐತಲ್ರಿ" ಅಂದರು. ನಲವತ್ತು ವರ್ಷ ಮಗ್ಗದ ಮುಂದೆ ಕೂತ ಕಣ್ಣು. ಎರಡು ಭಾಗ ಕೂಡಿಸಿ ಸರಾಸರಿ ಬರೆದರೆ ಆ ಸರಾಸರಿಯಂಥ ಮನುಷ್ಯ ಅಲ್ಲಿ ಇರಲೇ ಇಲ್ಲ.

"ಮಗಳಿಗೆ ಕಿವಿ ಕೇಳಂಗಿಲ್ಲ. ಪ್ರಶ್ನೆ ಹೆಂಗ್ ಕೇಳ್ತೀರಿ?"

ಮಾತಿನ ಪ್ರಶ್ನೆ ಕೇಳುವುದೇ ಇಲ್ಲ. ರೇವನ್ ಅವರ ಚಿತ್ರಮಾಲೆ, ಫಾರ್ಮ್ ಬೋರ್ಡ್, ಘನಗಳು. ಮೊದಲ ಒಂದೆರಡನ್ನು ನಾವೇ ಮಾಡಿ ತೋರಿಸಿ, ಸನ್ನೆಯಲ್ಲಿ ಹೇಳುತ್ತೇವೆ. ಕಿವುಡು ಮಗುವಿಗೆ ಮಾತಿನ ಟೆಸ್ಟ್ ಹಾಕಿ 'ಬುದ್ಧಿಮಾಂದ್ಯ' ಅಂತ ಬರೆದ ಹಳೆಯ ಕಾಗದ ನಿಮ್ಮ ಹತ್ತಿರ ಇದ್ದರೆ ಮತ್ತೊಮ್ಮೆ ಟೆಸ್ಟ್ ಮಾಡಿಸಿ.

"ಲೆಕ್ಕ ಚಲೋ ಮಾಡ್ತಾನ, ಮಾತೂ ಚಲೋ. ಓದೋದಂದ್ರ ಅಳ್ತಾನ. ಇದಕ್ಕ ಐಕ್ಯೂ ಯಾಕ?"

ಓದುವುದಷ್ಟೇ ಕಷ್ಟವಾ, ಎಲ್ಲವೂ ಕಷ್ಟವಾ ಅಂತ ಬೇರೆ ಮಾಡಲು. ಬುದ್ಧಿ ಸರಿ ಇದ್ದು, ಕಣ್ಣು ಕಿವಿ ಸರಿ ಇದ್ದು, ಕಲಿಸಿದ್ದೂ ಸರಿ ಇದ್ದು ಓದು ಮಾತ್ರ ಹಿಂದೆ ಬಿದ್ದರೆ ಕಲಿಕಾ ನ್ಯೂನತೆಯ ಟೆಸ್ಟ್ ಬೇರೆ ಮಾಡುತ್ತೇವೆ. ಅದು ಈ ಅರ್ಧ ತಾಸಿನಲ್ಲಿ ಆಗುವುದಿಲ್ಲ.

"ಡಿಪ್ರೆಶನ್‌ಗೆ ಮಾತ್ರೆ ನಡೆದದ. ಈಗ ಟೆಸ್ಟ್ ಮಾಡಿದ್ರ ನಡೀತದೇನು?"

ತುರ್ತು ಇಲ್ಲದಿದ್ದರೆ ತಡೆಯಿರಿ. ಖಿನ್ನತೆಯಲ್ಲಿ ತಲೆ ನಿಧಾನ ಓಡುತ್ತದೆ. ಟೈಮ್ ಹಿಡಿದು ಮಾಡುವ ಭಾಗಗಳಲ್ಲಿ ಅಂಕ ಬೀಳುತ್ತದೆ. "ಗೊತ್ತಿಲ್ಲ" ಅನ್ನುವುದು ಜಾಸ್ತಿ. ನಿಜವಾಗಿ ಗೊತ್ತಿಲ್ಲವಾ, ಹೇಳಲು ಮನಸ್ಸಿಲ್ಲವಾ ಅಂತ ತಿಳಿಯಲು ಇನ್ನೊಮ್ಮೆ, ಅರ್ಧ ನಿಮಿಷ ತಡೆದು ಕೇಳುತ್ತೇನೆ.

ಕುಡಿತ ಬಿಟ್ಟ ಮೊದಲ ವಾರಗಳಲ್ಲೂ ಅಷ್ಟೇ. ಸ್ಕಿಜೋಫ್ರೇನಿಯಾದಲ್ಲಿ ಭ್ರಮೆಗಳು ಹಿಡಿತಕ್ಕೆ ಬರುವ ತನಕ ಕಾಯುತ್ತೇವೆ. ಅಲ್ಲಿ ಹಳೆಯ ಪದಜ್ಞಾನ ಸಾಮಾನ್ಯವಾಗಿ ಉಳಿದಿರುತ್ತದೆ, ಹೊಸ ಸಮಸ್ಯೆ ಬಿಡಿಸುವುದು, ವೇಗ ಕುಗ್ಗಿರುತ್ತವೆ. ಹಾಗಾಗಿ ಬರೀ ಪದಗಳ ಟೆಸ್ಟ್ ಮಾಡಿದರೆ ಕಾಯಿಲೆಗೆ ಮುಂಚಿನ ಮನುಷ್ಯ ಕಾಣುತ್ತಾನೆ, ಬರೀ ವೇಗದ ಟೆಸ್ಟ್ ಮಾಡಿದರೆ ಇವತ್ತಿನವನು. ಎರಡೂ ಬೇಕು. ಫಿಟ್ಸ್‌ಗೆ ಕೊಡುವ ಟೋಪಿರಾಮೇಟ್‌ನಂಥ ಮಾತ್ರೆಗಳು ಕೆಲವರಲ್ಲಿ ಬಾಯಿಗೆ ಬಂದ ಪದ ಹೊರಗೆ ಬರದ ಹಾಗೆ ಮಾಡುತ್ತವೆ. ಮಾತ್ರೆ ಚೀಟಿ ತನ್ನಿ. ಟೆಸ್ಟಿಗಾಗಿ ಮಾತ್ರೆ ಮಾತ್ರ ನಿಲ್ಲಿಸಬೇಡಿ.

"ಅಪ್ಪಗ ಲಕ್ವಾ ಹೊಡೆದದ. ಮಾತು ಹೋಗೇದ. ಬುದ್ಧೀನೂ ಹೋಗೇದೇನು?"

ಮಾತು ಹೋದ ಕೂಡಲೇ ಬುದ್ಧಿ ಹೋಯಿತು ಅಂತಲ್ಲ. ಹೆಚ್ಚಿನವರಲ್ಲಿ ಭಾಷೆಯ ಜಾಗ ಮೆದುಳಿನ ಎಡಭಾಗದಲ್ಲಿದೆ. ಅಲ್ಲಿ ಪೆಟ್ಟಾದರೆ ಮಾತು ನಿಲ್ಲುತ್ತದೆ, ಬಲಗೈಯೂ ಬಿದ್ದಿರಬಹುದು. ಅವರಿಗೆ ಪದದ ಅರ್ಥ ಕೇಳಿದರೆ ಸೊನ್ನೆ, ಬಲಗೈಯಲ್ಲಿ ಘನ ಜೋಡಿಸಿ ಅಂದರೂ ಸೊನ್ನೆ. ಬೆರಳು ತೋರಿಸಿದರೆ ಸಾಕಾಗುವ ಚಿತ್ರಮಾಲೆ ಕೊಡಿ, ಎಡಗೈಯಲ್ಲಿ ಸರಿಯಾದ ತುಂಡು ತೋರಿಸಬಹುದು.

"ಆಸ್ಪತ್ರ್ಯಾಗ ಅಜ್ಜಗ ಎಂಎಂಎಸ್ಇ ಅಂತ ಮಾಡಿದ್ರು. 21 ಬಂತು. ಐಕ್ಯೂ 21 ಅಂದ್ರ ಹೆಂಗ್ರೀ?"

ಗಾಬರಿ ಬೇಡ. ಅದು ಐಕ್ಯೂ ಅಲ್ಲ. 1975ರಲ್ಲಿ ಬಂದ, 30 ಅಂಕದ ನೆನಪು–ಗಮನದ ಟೆಸ್ಟ್. ಇವತ್ತು ಯಾವ ತಾರೀಖು, ಎಲ್ಲಿದ್ದೀರಿ, ಮೂರು ಪದ ನೆನಪಿಡಿ, ಇಂಥವು. ಮರೆವಿನ ಕಾಯಿಲೆ ಹುಡುಕಲು. ಅದರಲ್ಲಿ ಒಂದು ವಾಕ್ಯ ಬರೆಯಿರಿ ಅಂತಲೂ ಇದೆ. ಅಜ್ಜನಿಗೆ ಬರೆಯಲು ಬರುವುದಿಲ್ಲ ಅಂದರೆ ಅಲ್ಲೇ ಅಂಕ ಹೋಗುತ್ತದೆ. ಓದು ಬರಹ ಬಾರದ ಹಿರಿಯರಿಗಾಗಿ ಹಿಂದಿಯಲ್ಲಿ ಇದರ ಬೇರೆ ರೂಪ ಮಾಡಿದ್ದಾರೆ. ಅಜ್ಜನ ಓದು ಎಷ್ಟು ಅಂತ ಡಾಕ್ಟರಿಗೆ ಹೇಳಿದ್ದೀರಾ?

## ಕಾಗದ ಪತ್ರ

"ಈ ರಿಪೋರ್ಟ್ ಮ್ಯಾಲೆ ಯುಡಿಐಡಿ ಕಾರ್ಡ್ ಆಗ್ತದೇನು?"

ಯುಡಿಐಡಿ ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್. ಸ್ಕ್ರೀನಿಂಗ್ ರಿಪೋರ್ಟ್ ಮೇಲೆ ಆಗುವುದಿಲ್ಲ, ಆಗಬಾರದು ಕೂಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಬೌದ್ಧಿಕ ವೈಕಲ್ಯ ಅವುಗಳಲ್ಲೊಂದು. ಹೆಚ್ಚಿನ ಸೌಲಭ್ಯಕ್ಕೆ ಕನಿಷ್ಠ 40 ಪ್ರತಿಶತ ವೈಕಲ್ಯ ಇರಬೇಕು. ಅದನ್ನು ತೀರ್ಮಾನಿಸಲು ಪೂರ್ತಿ ಬುದ್ಧಿ ಪರೀಕ್ಷೆ ಮಾಡುತ್ತಾರೆ. ಜೊತೆಗೆ ಮಗು ದಿನದ ಬದುಕಿನಲ್ಲಿ ಏನೇನು ಮಾಡಿಕೊಳ್ಳುತ್ತದೆ ಅಂತ ಮನೆಯವರನ್ನು ಕೇಳುವ ವೈನ್‌ಲ್ಯಾಂಡ್ ಅಳತೆ ಇರುತ್ತದೆ. ಗುಂಡಿ ಹಾಕಿಕೊಳ್ಳುತ್ತಾನಾ? ಅಂಗಡಿಗೆ ಹೋಗಿ ಚಿಲ್ಲರೆ ವಾಪಸ್ ತರುತ್ತಾನಾ? ಇಲ್ಲಿ ಮನೆಯವರು ಮಗುವನ್ನು ಹೆಚ್ಚು ಹೊಗಳುವುದೂ ಇದೆ, ಕಾರ್ಡಿಗಾಗಿ ಕಡಿಮೆ ಹೇಳುವುದೂ ಇದೆ. ಎರಡೂ ಗೊತ್ತಾಗಿಬಿಡುತ್ತದೆ, ಹೇಗೆ ಅಂತ ಹೇಳುವುದಿಲ್ಲ.

## ಓದುವವರು, ಥೀಸಿಸ್ ಬರೆಯುವವರು ಕೇಳುವುದು

"ಪೂರ್ತಿ ಟೆಸ್ಟಿನ ಜೊತೆ ಕೋರಿಲೇಶನ್ 0.9 ಇದೆ. ಇನ್ನೇನು ಬೇಕು?"

ಕೋರಿಲೇಶನ್ ಅಂದರೆ ಎರಡು ಟೆಸ್ಟಿನ ಅಂಕ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ, 1 ಬಂದರೆ ಪೂರ್ತಿ ಜೊತೆ. 0.9 ಗುಂಪಿನ ಸರಾಸರಿಗೆ ಸಾಕು, ಒಬ್ಬ ಮನುಷ್ಯನಿಗೆ ಸಾಲದು. ಲೆಕ್ಕ ಹಾಕಿ ನೋಡಿ: 0.9ರ ವರ್ಗ 0.81, ಅದನ್ನು 1ರಲ್ಲಿ ಕಳೆದರೆ 0.19. 15 (85, 100, 115 ಇವುಗಳ ನಡುವಿನ ಅಂತರ) ಗುಣಿಸು 0.19ರ ವರ್ಗಮೂಲ, ಸುಮಾರು 6.5. ಅಂದರೆ ಸಣ್ಣ ಟೆಸ್ಟಿನಿಂದ ಪೂರ್ತಿ ಟೆಸ್ಟಿನ ಅಂಕ ಊಹಿಸಿದರೆ, 95 ಪ್ರತಿಶತ ಭರವಸೆ ಬೇಕಾದರೆ, ಅದರ ಎರಡು ಪಟ್ಟು, ಆಚೆ 13 ಈಚೆ 13 ಬಿಡಬೇಕು.

ಆ 0.9 ಎಲ್ಲಿಂದ ಬಂತು ಅಂತಲೂ ನೋಡಿ. ಪೂರ್ತಿ ಟೆಸ್ಟ್ ಒಮ್ಮೆ ಮಾಡಿ, ಅದರಲ್ಲೇ ಎರಡು ಭಾಗ ಆರಿಸಿ, ಅದನ್ನು ಅದರ ಜೊತೆಗೇ ಹೋಲಿಸಿದರೆ ಕೋರಿಲೇಶನ್ ಉಬ್ಬುತ್ತದೆ. ಒಂದೇ ದಿನದ ನಿದ್ದೆ, ಒಂದೇ ದಿನದ ಗದ್ದಲ, ಅದೇ ತಪ್ಪು ಎರಡೂ ಕಡೆ ಸೇರಿರುತ್ತದೆ. ಹಾಗೆಯೇ ಕೋರಿಲೇಶನ್ ಎಷ್ಟೇ ಚೆನ್ನಾಗಿದ್ದರೂ ಒಂದು ಟೆಸ್ಟ್ ಎಲ್ಲರಿಗೂ 6 ಅಂಕ ಜಾಸ್ತಿ ಕೊಡುತ್ತಿರಬಹುದು. ತಕ್ಕಡಿ ಎಲ್ಲರಿಗೂ ಒಂದೇ ತರ ಮೋಸ ಮಾಡಿದರೆ ಸಾಲು ಕೆಡುವುದಿಲ್ಲ, ತೂಕ ಕೆಡುತ್ತದೆ.

"ಒಂದೇ ಕಟ್ಆಫ್ ಶಾಲೆಯಲ್ಲೂ ಆಸ್ಪತ್ರೆಯಲ್ಲೂ ನಡೆಯುತ್ತದಾ?"

ನಾನು ಹೆಚ್ಚು ಹೊತ್ತು ಮಾತನಾಡುವ ಪ್ರಶ್ನೆ ಇದು. ಕಟ್ಆಫ್ ಅಂದರೆ ಅದಕ್ಕಿಂತ ಕೆಳಗೆ ಬಂದರೆ 'ತೊಂದರೆ ಇರಬಹುದು' ಅನ್ನುವ ಅಂಕದ ಗೆರೆ. ಒಂದು ಸ್ಕ್ರೀನಿಂಗ್ ಟೆಸ್ಟ್ ಇದೆ ಅಂದುಕೊಳ್ಳಿ. ನಿಜವಾಗಿ ತೊಂದರೆ ಇರುವ 100 ಜನರಲ್ಲಿ 90 ಜನರನ್ನು ಹಿಡಿಯುತ್ತದೆ. ಇಲ್ಲದ 100 ಜನರಲ್ಲಿ 10 ಜನರನ್ನು ತಪ್ಪಾಗಿ ಹಿಡಿಯುತ್ತದೆ. ಚೆನ್ನಾಗಿಯೇ ಇದೆ ಅಲ್ವಾ?

ಹಾವೇರಿ ಕಡೆಯ ಶಾಲೆಗಳಲ್ಲಿ 1000 ಮಕ್ಕಳಿಗೆ ಮಾಡಿದಿರಿ. ತೊಂದರೆ ಇರುವವರು 2 ಪ್ರತಿಶತ ಅಂತ ಇಟ್ಟುಕೊಳ್ಳಿ, 20 ಮಕ್ಕಳು. ಅವರಲ್ಲಿ 18 ಸಿಕ್ಕರು. ಉಳಿದ 980ರಲ್ಲಿ 98 ಮಕ್ಕಳು ತಪ್ಪಾಗಿ ಸಿಕ್ಕರು. ಪಟ್ಟಿಯಲ್ಲಿ 116 ಹೆಸರು, ನಿಜ 18. ಆರರಲ್ಲಿ ಒಂದು.

ಅದೇ ಟೆಸ್ಟ್, ಅದೇ ಕಟ್ಆಫ್, ಹುಬ್ಬಳ್ಳಿಯ ಕ್ಲಿನಿಕ್ಕಿನಲ್ಲಿ. ಅನುಮಾನ ಬಂದೇ ಕಳಿಸಿದ 1000 ಮಕ್ಕಳು, 400 ಮಕ್ಕಳಿಗೆ ತೊಂದರೆ ಇದೆ ಅನ್ನಿ. 360 ಸಿಕ್ಕರು. 600ರಲ್ಲಿ 60 ತಪ್ಪಾಗಿ. ಪಟ್ಟಿ 420, ನಿಜ 360. ಏಳರಲ್ಲಿ ಆರು.

ಟೆಸ್ಟ್ ಬದಲಾಗಲಿಲ್ಲ, ಬಂದ ಜನ ಬದಲಾದರು. ಶಾಲೆಯಲ್ಲಿ ಸಿಕ್ಕ 116 ಹೆಸರನ್ನು ನೋಟಿಸ್ ಬೋರ್ಡಿಗೆ ಹಚ್ಚಿದರೆ 98 ಮಕ್ಕಳಿಗೆ ಸುಮ್ನೆ 'ದಡ್ಡ' ಅನ್ನುವ ಹಣೆಪಟ್ಟಿ. ಹೀಗೆ ಹೆಸರು ಓದಿ ಹೇಳಿದ್ದನ್ನು ಒಮ್ಮೆ ಕಣ್ಣಾರೆ ನೋಡಿದ್ದೇನೆ.

"ಕಂಟ್ರೋಲ್ ಗ್ರೂಪಿಗೆ ನಮ್ಮ ಕ್ಲಾಸ್‌ಮೇಟ್ಸ್‌ನ್ನೇ ತಗೊಂಡೆ. ಗೈಡ್ ಬೈದ್ರು. ಯಾಕ್ ಮೇಡಂ?"

ಕಂಟ್ರೋಲ್ ಗ್ರೂಪ್ ಅಂದರೆ ರೋಗಿಗಳ ಜೊತೆ ಹೋಲಿಸಲು ತೆಗೆದುಕೊಂಡ, ಆ ಕಾಯಿಲೆ ಇಲ್ಲದ ಜನ. ಧಾರವಾಡದಲ್ಲಿ ಕಲ್ಲು ಎಸೆದರೆ ಕೋಚಿಂಗ್ ಕ್ಲಾಸಿನ ಹುಡುಗನ ಮೇಲೆ ಬೀಳುತ್ತದೆ. ಮೂರು ವರ್ಷದಿಂದ ಮೆಂಟಲ್ ಎಬಿಲಿಟಿ ಪುಸ್ತಕ ಬಿಡಿಸುತ್ತಿರುವವನಿಗೆ ಚಿತ್ರಮಾಲೆ ನೀರು ಕುಡಿದ ಹಾಗೆ. ನಿಮ್ಮ ರೋಗಿಗಳ ಗುಂಪಿನಲ್ಲಿ ಏಳನೇ ಕ್ಲಾಸ್ ಓದಿ ಹೊಲಕ್ಕೆ ಹೋದವರಿದ್ದಾರೆ. ಎರಡು ಗುಂಪಿನ ನಡುವೆ 20 ಅಂಕದ ಅಂತರ ಬಂದರೆ ಅದು ಕಾಯಿಲೆಯದಾ, ಕೋಚಿಂಗಿನದಾ? ರೋಗಿಯ ಜೊತೆ ಬಂದ, ಹತ್ತಿರದ ವಯಸ್ಸಿನ, ಅಷ್ಟೇ ಓದಿದ ಅದೇ ಊರಿನ ಜನರನ್ನು ಕೇಳಿ. ರಕ್ತ ಸಂಬಂಧಿಗಳಾದರೆ ಬೇರೆ ತೊಡಕು, ಪಕ್ಕದ ಮನೆಯವರಾದರೆ ಒಳ್ಳೆಯದು. ಕಷ್ಟದ ಕೆಲಸ, ಆದರೆ ಬೈಗುಳ ತಪ್ಪುತ್ತದೆ.

"ಮೂರು ತಿಂಗಳ ಮೇಲೆ ಮತ್ತೆ ಮಾಡಿದೆ. ಎಲ್ಲರಿಗೂ ಜಾಸ್ತಿ ಬಂತು! ನಮ್ಮ ತರಬೇತಿ ಕೆಲಸ ಮಾಡಿತಲ್ವಾ?"

ಮಾಡಿರಬಹುದು. ಅದಕ್ಕೂ ಮೊದಲು ಎರಡು ಕಳ್ಳರನ್ನು ಹಿಡಿಯಿರಿ. ಒಂದು, ಅಭ್ಯಾಸ: ಘನ ಜೋಡಿಸುವಂಥ ಭಾಗಗಳಲ್ಲಿ ಎರಡನೇ ಸಲ ಸುಲಭ. ಇನ್ನೊಂದು, ನೀವು ಮಕ್ಕಳನ್ನು ಆರಿಸಿದ ರೀತಿ. ಮೊದಲ ಟೆಸ್ಟಿನಲ್ಲಿ ಕಡಿಮೆ ಬಂದವರನ್ನೇ ಆರಿಸಿದ್ದೀರಿ. ಅವರಲ್ಲಿ ಅಂದು ಜ್ವರ ಇದ್ದವನು, ನಿದ್ದೆಗೆಟ್ಟವನು, ಕನ್ನಡಕ ಮರೆತವನು ಸೇರಿರುತ್ತಾರೆ. ಏನೂ ಮಾಡದೆ ಬಿಟ್ಟಿದ್ದರೂ ಗುಂಪಿನ ಸರಾಸರಿ ಸ್ವಲ್ಪ ಮೇಲೆ ಬರುತ್ತಿತ್ತು. ತರಬೇತಿ ಕೊಡದ ಇನ್ನೊಂದು ಗುಂಪು, ಅಷ್ಟೇ ಕಡಿಮೆ ಅಂಕದವರು, ಇದ್ದಿದ್ದರೆ ಗೊತ್ತಾಗುತ್ತಿತ್ತು.

"ರಿಪೋರ್ಟಿನಲ್ಲಿ ಅಂಕ ಹೇಗೆ ಬರೆಯಬೇಕು?"

ಅಂಕದ ಜೊತೆ ಪಟ್ಟಿ (84ಕ್ಕೆ 75ರಿಂದ 93 ಇದ್ದ ಹಾಗೆ), ಟೆಸ್ಟಿನ ಪೂರ್ತಿ ಹೆಸರು, ಎಷ್ಟು ಭಾಗ ಮಾಡಿದಿರಿ, ಯಾವ ಭಾಷೆಯಲ್ಲಿ ಕೇಳಿದಿರಿ, ಯಾವ ವರ್ಷದ ನಾರ್ಮ್ಸ್. ಮಾತಿನ ಭಾಗಕ್ಕೂ ಕೈಕೆಲಸದ ಭಾಗಕ್ಕೂ ದೊಡ್ಡ ಅಂತರ ಇದ್ದರೆ ಕೂಡಿಸಿದ ಅಂಕ ಬಿಟ್ಟು ಎರಡನ್ನೂ ಬೇರೆ ಬೇರೆ ಬರೆಯಿರಿ. 70ರ ಆಸುಪಾಸು ಬಂದರೆ 'ಪೂರ್ತಿ ಟೆಸ್ಟ್ ಬೇಕು' ಅಂತ ಬರೆಯಿರಿ, ಅಲ್ಲಿ ಹಿಡಿ ಕಾಳಿನ ಮೇಲೆ ದರ ಹೇಳಬಾರದು. ಟೆಸ್ಟ್ ಮಾಡಿದ ದಿನ ಕರೆಂಟ್ ಹೋಗಿತ್ತು ಅಂದರೆ ಅದನ್ನೂ ಬರೆಯಿರಿ. ಹಾಂ, ಕನ್ನಡಕ ಹಾಕಿದ್ದನಾ ಇಲ್ಲವಾ ಅಂತಲೂ.